ತೊಗಟೆಯ ಗಂಜಿ

ಹುವೋ ಎರ್ನಿಯ ಅಳು ಅವಳದಾಗಿರಲಿಲ್ಲ. ಅದು ಊರಿನದು. ಊರಿನ ಎತ್ತು, ಊರಿನ ನೇಗಿಲು, ಊರಿನ ಬೀಸುಕಲ್ಲು ಇದ್ದ ಹಾಗೆ ಊರಿನ ಅಳು. ಬೇಕಾದಾಗ ಹೊರಗೆ ಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಒಳಗೆ ಕಟ್ಟುತ್ತಿದ್ದರು.

ಚಳಿಗಾಲದಲ್ಲಿ ಹೊಲದ ಕೆಲಸ ತಗ್ಗಿದಾಗ ವರ್ಷಕ್ಕೊಂದು ಸಲ ಕಣದಲ್ಲಿ ಕಹಿ ನೆನೆಯುವ ಸಭೆ ಸೇರುತ್ತಿತ್ತು. ಮೊದಲು ಎಲ್ಲರೂ ಕಹಿ ಊಟ ಉಣ್ಣಬೇಕು. ಜಮೀನ್ದಾರರ ಕಾಲದಲ್ಲಿ ಬಡವರು ಉಂಡಂಥ ಊಟ ಅದು. ತೌಡು, ಕಾಡುಸೊಪ್ಪು, ನೀರು. ಆಮೇಲೆ ಯಾರಾದರೂ ಬಡ ಮುದುಕಿ ಮೇಜಿನ ಮೇಲೆ ಹತ್ತಿ ಆ ಕಾಲದಲ್ಲಿ ಪಟ್ಟ ಪಾಡು ಹೇಳಬೇಕು. ಕೇಳಿದವರು ಅಳಬೇಕು. ಅತ್ತಾದ ಮೇಲೆ ಈಗಿನ ಕಾಲ ಸಿಹಿ ಅಂತ ಕೂಗಬೇಕು. ಕ್ರಾಂತಿಯಾಗಿ ಇಪ್ಪತ್ತಮೂರು ವರ್ಷ ಕಳೆದಿತ್ತು. ಹೊಸ ಹುಡುಗರಿಗೆ ಕಹಿ ಮರೆಯಬಾರದು, ಅದಕ್ಕೆ. ಊಟ ಬೇಯಿಸುವವಳೂ ಎರ್ನಿ, ಮೇಜು ಹತ್ತುವವಳೂ ಎರ್ನಿ.

ಎರ್ನಿ ಅಂದರೆ ಎರಡನೇ ಹುಡುಗಿ ಅಂತ, ಅಷ್ಟೆ. ಅದಕ್ಕಿಂತ ದೊಡ್ಡ ಹೆಸರಿಡಲು ಅವಳ ಅಪ್ಪ ಅಮ್ಮನಿಗೆ ಪುರುಸೊತ್ತಿರಲಿಲ್ಲ. ಏಳನೇ ವಯಸ್ಸಿಗೆ ಎರಡು ಚೀಲ ಜೋಳಕ್ಕೆ ಅವಳನ್ನು ಕ್ಯು ಜಮೀನ್ದಾರನ ಮನೆಗೆ ಕೊಟ್ಟುಬಿಟ್ಟರು. ಜಮೀನ್ದಾರನ ಹೆಂಡತಿ ತಂಬಾಕು ಸೇದುವ ಹೊಗೆಕೊಳವೆಯ ಕಾದ ಬಾಯನ್ನು ಹುಡುಗಿಯ ತೋಳಿಗೆ ಒತ್ತುತ್ತಿದ್ದಳು. ಆರು ಗುರುತು ಈಗಲೂ ಇದ್ದವು. ಎರ್ನಿ ಮೇಜಿನ ಮೇಲೆ ನಿಂತು ಅಂಗಿಯ ತೋಳು ಮಡಚಿ ಆ ಗುರುತು ತೋರಿಸಿದಳೆಂದರೆ ಶಾಲೆಯ ಮಕ್ಕಳು ಹೋ ಎಂದು ಅಳುತ್ತಿದ್ದವು. ಅದರಲ್ಲಿ ಒಂದು ಮಾತೂ ಸುಳ್ಳಿಲ್ಲ. ನೆಲ ಹಂಚಿದ ವರ್ಷ ಆ ಜಮೀನ್ದಾರನನ್ನು ಹೊಳೆದಂಡೆಯಲ್ಲಿ ನಿಲ್ಲಿಸಿ ಗುಂಡು ಹಾಕಿದಾಗ ಎರ್ನಿ ಮುಂದಿನ ಸಾಲಿಗೆ ನುಗ್ಗಿ ಹೋಗಿ ನೋಡಿದ್ದಳು. ಕಣ್ಣು ತುಂಬ ನೋಡಿದ್ದಳು. ಅವಳ ಪಾಲಿಗೆ ಒಂದಿಷ್ಟು ನೆಲ ಬಂದಿತ್ತು. ಐದು ವರ್ಷ ಅದು ಅವಳದಾಗಿತ್ತು. ಆಮೇಲೆ ಅದೂ ಊರಿನದಾಯಿತು.

ಆ ಚಳಿಗಾಲ ಸಭೆಗೆ ನಾಲ್ಕು ದಿನ ಇರುವಾಗ ಗೆಂಗ್ ಅವಳ ಮನೆಗೆ ಬಂದ. ಗೆಂಗ್ ಊರಿನ ಕ್ರಾಂತಿ ಸಮಿತಿಯ ಮುಖ್ಯಸ್ಥ. ಅದಕ್ಕೆ ಮುಂಚೆ ಊರಿನ ಬೇಸಾಯದ ದಳದ ನಾಯಕ. ಕುರ್ಚಿಯ ಹೆಸರು ಬದಲಾಗುತ್ತಿತ್ತು. ಕೂತ ಕುಂಡೆ ಅದೇ.

"ಏಳ್ಬೇಡ ಅಜ್ಜಿ, ಕೂತ್ಕೊ ಕೂತ್ಕೊ," ಅಂದ. ಎರ್ನಿ ಎದ್ದಿರಲಿಲ್ಲ. ಗೆಣಸಿನ ಬಳ್ಳಿ ಕತ್ತರಿಸುತ್ತಿದ್ದಳು. "ಈ ಸಲ ಜಿಲ್ಲೆಯಿಂದ ಬರ್ತಾವ್ರೆ. ಮೂರು ಜನ. ಚೆನ್ನಾಗಿ ಆಗ್ಬೇಕು."

"ಆಗುತ್ತೆ ಬಿಡು. ಹೋದ ಸಲದ್ದೇ ಹೇಳ್ತೀನಿ."

"ಅದು ಹಳಸಿಹೋಯ್ತು ಕಣಜ್ಜಿ. ಪ್ರತಿ ವರ್ಷ ಅದೇ ಹೊಗೆಕೊಳವೆ. ಹೋದ ಸಲ ಹಿಂದೆ ಯಾವನೋ ಗೊರಕೆ ಹೊಡೀತಿದ್ದ. ಸುಟ್ಟಗಾಯ ಸಾಲದು. ಒಂದು ಸಾವು ಬೇಕು."

"ಯಾರ್ದು?"

ಗೆಂಗ್ ಸಿಗರೇಟು ಹಚ್ಚಿದ. ಒಲೆಯ ಕಡೆ ನೋಡುತ್ತ ಹೇಳಿದ.

"ನಿನ್ ಮಗ ಶುವಾನ್‌ಝುದು."

ಎರ್ನಿಯ ಕತ್ತಿ ನಿಂತಿತು.

"ಕ್ಯು ಜಮೀನ್ದಾರ ಒಂದು ಹಿಡಿ ಕಾಳು ಕೊಡದೆ ಕಣ್ಣೆದುರಿಗೇ ಸಾಯೋಕೆ ಬಿಟ್ಟ ಅಂತ ಹೇಳು. ಹತ್ತು ವರ್ಷದ ಹುಡುಗ ಅನ್ನು. ಹುಡುಗ ಅಂದ್ರೆ ಅಳ್ತಾರೆ."

"ಅವನಿಗೆ ಇಪ್ಪತ್ತೇಳು."

"ಜಿಲ್ಲೆಯೋರಿಗೆ ಗೊತ್ತಾ?"

"ಊರಿಗೆ ಗೊತ್ತು."

"ಊರು!" ಗೆಂಗ್ ನಕ್ಕ. "ಊರಿಗೆ ಬಾಯಿಲ್ಲ ಕಣಜ್ಜಿ. ಇರೋದು ನಿನಗೊಂದೇ. ಅದಕ್ಕೇ ಇಷ್ಟು ದೂರ ನಡ್ಕೊಂಡು ಬಂದೆ."

ಜೇಬಿನಿಂದ ಒಂದು ಕಾಗದ ತೆಗೆದು ಒಲೆಯ ಕಟ್ಟೆ ಮೇಲಿಟ್ಟ. ಬೆಂಗ್ಬು ಪಟ್ಟಣದ ಒಂದು ನೂಲಿನ ಗಿರಣಿಯ ಕೆಲಸದ ಫಾರಂ. ಊರಿಗೆ ಒಂದೇ ಜಾಗ. ಯಾವ ಹುಡುಗಿಯ ಹೆಸರಿಗೆ ಸಮಿತಿಯ ಮೊಹರು ಬೀಳುತ್ತದೋ ಅವಳು ಪಟ್ಟಣದವಳು. ಪಟ್ಟಣದ ಪಡಿತರ, ಕಾರ್ಖಾನೆಯ ಹಾಸಿಗೆ, ತಿಂಗಳ ಸಂಬಳ. ಸಾಯುವತನಕ ಮತ್ತೆ ಗೊಬ್ಬರ ಹೊರಬೇಕಿಲ್ಲ.

"ನಿನ್ ಮೊಮ್ಮಗಳು ಝಾವೊದಿ ಹೆಸರೇ ಇರಲಿ ಅಂತಿದೀನಿ. ನೀನು ಅಳಿಸು. ನಾನು ಮೊಹರು ಒತ್ತುತೀನಿ."

ಫಾರಂ ಮತ್ತೆ ಮಡಚಿ ಜೇಬಿಗಿಟ್ಟುಕೊಂಡು ಹೋದ.

ಶುವಾನ್‌ಝು ಸತ್ತದ್ದು ಅರುವತ್ತನೇ ಇಸವಿಯ ವಸಂತದಲ್ಲಿ. ಜಮೀನ್ದಾರ ಮಣ್ಣಾಗಿ ಆಗ ಒಂಬತ್ತು ವರ್ಷ. ಆಗ ಮನೆಗಳಲ್ಲಿ ಪಾತ್ರೆ ಇರಲಿಲ್ಲ. ಕಬ್ಬಿಣಕ್ಕೆಂದು ಎಲ್ಲವನ್ನೂ ಕಿತ್ತೊಯ್ದು ಕರಗಿಸಿದ್ದರು. ಮನೆಯಲ್ಲಿ ಹೊಗೆ ಎದ್ದರೆ ಓಡಿ ಬಂದು ಒಲೆ ಒಡೆಯುತ್ತಿದ್ದರು. ಉಣ್ಣುವುದಿದ್ದರೆ ಊರಿನ ಊಟದ ಮನೆಯಲ್ಲೇ ಉಣ್ಣಬೇಕು. ಅಲ್ಲಿ ಸೌಟು ಗೆಂಗನ ಕೈಯಲ್ಲಿತ್ತು. ಮೊದಲು ಗಂಜಿ ಇತ್ತು, ಆಮೇಲೆ ಗಂಜಿಯ ನೀರು, ಆಮೇಲೆ ಬಿಸಿನೀರು. ಜನ ಊರ ಸುತ್ತಲ ಎಲ್ಮ್ ಮರಗಳ ತೊಗಟೆ ಸುಲಿದು ತಿಂದರು. ಮರಗಳು ಬೆತ್ತಲೆ ನಿಂತು ಸತ್ತವು. ಊರಾಚೆಯ ಸರ್ಕಾರಿ ಉಗ್ರಾಣದಲ್ಲಿ ಗೋಧಿ ಸೂರಿನವರೆಗೆ ತುಂಬಿತ್ತು, ಬಾಗಿಲಲ್ಲಿ ಕೋವಿ ಹಿಡಿದವರು ನಿಂತಿದ್ದರು. ಭಿಕ್ಷೆಗೆ ಬೇರೆ ಊರಿಗೆ ಹೋಗೋಣವೆಂದರೆ ದಾರಿಯಲ್ಲೂ ಅವರೇ.

ಶುವಾನ್‌ಝು ಹೊಲದಲ್ಲಿ ಹಾಲುದುಂಬಿದ ಗೋಧಿ ತೆನೆ ಮೂರು ಕಿತ್ತ. ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕಿಕೊಂಡ. ಮೂರೇ ತೆನೆ. ಗೆಂಗ್ ಅವನನ್ನು ಊಟದ ಮನೆಯ ಕಂಬಕ್ಕೆ ಕಟ್ಟಿ ಭಾರ ಹೊರುವ ಅಡ್ಡೆಯಿಂದ ಹೊಡೆದ. ಆಮೇಲೆ ಎರ್ನಿಯ ಮನೆಯವರಿಗೆ ಸೌಟು ನಿಲ್ಲಿಸಿದ. ಮೂರನೇ ದಿನ ಬೆಳಗ್ಗೆ ಶುವಾನ್‌ಝು ಏಳಲಿಲ್ಲ. ಹಸಿವಿನ ಬದಲು ಬಾವುರೋಗ ಅಂತ ಬರೆದುಕೊಂಡರು. ಸೊಸೆ ಅನ್ನ ಹುಡುಕಿಕೊಂಡು ಪಡುವಣ ದಿಕ್ಕಿಗೆ ಹೋದವಳು ತಿರುಗಿ ಬರಲಿಲ್ಲ. ಐದು ವರ್ಷದ ಝಾವೊದಿ ಉಳಿದಳು. ಬಟ್ಟೆ ಹಾಕಿದರೆ ಮಗು, ತೆಗೆದರೆ ಎಲುಬು.

ಹನ್ನೆರಡು ವರ್ಷ ಎರ್ನಿ ಇದನ್ನು ನುಂಗಿಕೊಂಡಿದ್ದಳು. ಗೆಂಗ್ ಎದುರಾದರೆ ತಲೆಬಾಗಿ ಉಂಡೆಯಾ ಅಂತ ಕೇಳುತ್ತಿದ್ದಳು. ಮೊಮ್ಮಗಳು ಬದುಕಬೇಕಿತ್ತು.

ಝಾವೊದಿ ಹೊಳೆಯ ಹೂಳು ಹೊತ್ತು ಮನೆಗೆ ಬಂದಾಗ ಎರ್ನಿ ಫಾರಂ ವಿಷಯ ಹೇಳಿದಳು. ಹದಿನೇಳರ ಹುಡುಗಿಯ ಹೆಗಲು ಅಡ್ಡೆ ತಿಕ್ಕಿ ತಿಕ್ಕಿ ಎತ್ತಿನ ಹೆಗಲ ಹಾಗೆ ಗಟ್ಟಿಯಾಗಿತ್ತು. ಚಳಿಗೆ ಬೆರಳು ಊದಿ ಒಡೆದು ಕೀವು ಸೋರುತ್ತಿತ್ತು. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತಳು.

"ಗಿರಣಿನಾ? ನಿಜವಾಗ್ಲೂ ನನ್ನ ಹೆಸರು ಅಂದ್ನಾ?"

"ಅಂದ. ನಿಮ್ಮಪ್ಪನ್ನ ಜಮೀನ್ದಾರ ಕೊಂದ ಅಂತ ಹೇಳ್ಬೇಕಂತೆ."

ಹುಡುಗಿ ನೀರಿನೊಳಗೆ ಬೆರಳು ಮಡಚಿ ಬಿಡಿಸಿದಳು.

"ಹೇಳಿಬಿಡು ಅಜ್ಜಿ," ಅಂದಳು. "ಅಪ್ಪನಿಗೆ ಕೇಳ್ಸುತ್ತಾ? ನನಗೆ ಅವನ ಮುಖಾನೂ ನೆನಪಿಲ್ಲ. ಗಿರಣಿಲಿ ಒಳಗೇ ಬೆಚ್ಚಗಿರುತ್ತಂತೆ. ನೂಲು ಕಡಿಯಬಾರದು ಅಂತ."

"ಆಗ್ಲಿ," ಅಂದಳು ಎರ್ನಿ. "ಹೇಳ್ತೀನಿ."

ಹೇಳಬೇಕೆಂದೇ ಇದ್ದಳು. ಇದನ್ನು ಯಾರೂ ತಪ್ಪಾಗಿ ತಿಳಿಯಬಾರದು. ಅವಳು ಶೂರಳಲ್ಲ.

ಸಭೆಯ ಹಿಂದಿನ ದಿನ ಕಹಿ ಊಟಕ್ಕೆ ಸಾಮಾನು ಹೊಂದಿಸಬೇಕು. ಈಚಿನ ವರ್ಷಗಳಲ್ಲಿ ಅದು ಆಟದ ಊಟವಾಗಿತ್ತು. ನುಣ್ಣನೆ ತೌಡು, ಸೊಪ್ಪು, ಯಾರಿಗೂ ಕಾಣದ ಹಾಗೆ ಒಂದಿಷ್ಟು ಉಪ್ಪು. ಹುಡುಗರು ಎರಡೆರಡು ಬಟ್ಟಲು ಹೊಡೆಯುತ್ತಿದ್ದರು. ಎರ್ನಿ ತೌಡಿನ ಚೀಲದ ಮುಂದೆ ಕೂತಳು. ನಾಳೆ ಮಗನ ಸಾವನ್ನು ಹೇಳಬೇಕು. ಅವನ ಸಾವಿನ ಊಟ ಬೇಯಿಸಬೇಕು. ಅವನ ಹೊಟ್ಟೆಯಲ್ಲಿ ತೌಡು ಇರಲಿಲ್ಲ. ತೌಡು ಸಿಕ್ಕಿದ್ದರೆ ಅವನು ಬದುಕುತ್ತಿದ್ದ. ಜಮೀನ್ದಾರನ ಮನೆಯಲ್ಲೂ ಅವಳಿಗೆ ತೌಡು ಸಿಗುತ್ತಿತ್ತು.

ಕತ್ತಿ ತೆಗೆದುಕೊಂಡು ಎದ್ದು ಹೊರಗೆ ಹೋದಳು.

ಹಳೆಯ ಎಲ್ಮ್ ಮರಗಳಿರಲಿಲ್ಲ. ಆಮೇಲೆ ಚಿಗುರಿದವು ಈಗ ತೋಳು ಗಾತ್ರ ಆಗಿದ್ದವು. ಮೇಲಿನ ಒರಟು ಸಿಪ್ಪೆ ಕೆತ್ತಿ ಒಳಗಿನ ಬಿಳಿ ತೊಗಟೆ ಎಳೆದಳು. ಚಳಿಗೆ ಮರ ಬಿಗಿದುಕೊಂಡಿತ್ತು. ಉಗುರು ಕಿತ್ತು ರಕ್ತ ಬಂತು. ಬಾಲ್ಯದಲ್ಲಿ ಪುಟ್ಟದಾಗಿರಲೆಂದು ಬಟ್ಟೆಯಲ್ಲಿ ಬಿಗಿದು ಮುರಿದ ಪಾದ ಅವಳದು, ಗಟ್ಟಿಯಾಗಿ ಊರಿ ನಿಲ್ಲಲು ಬಾರದು. ಮರ ತಬ್ಬಿಕೊಂಡು ಸುಲಿದಳು. ಒಲೆಯ ಮೇಲೆ ಒಣಗಿಸಿ, ಒರಳಿಗೆ ಹಾಕಿ ಕುಟ್ಟಿ, ಬೀಸುಕಲ್ಲಿಗೆ ಹಾಕಿ ತಾನೇ ನೊಗ ಹಿಡಿದು ತಿರುಗಿದಳು. ಗೆಣಸಿನ ಬಳ್ಳಿ, ಗೋಧಿ ಕೂಳೆಯ ಬೇರು, ಹತ್ತಿ ಬೀಜದ ಹೊಟ್ಟು. ಆಗ ಜನ ತಿಂದ ಹೊಳೆದಂಡೆಯ ಬಿಳಿ ಮಣ್ಣು ಮಾತ್ರ ಹಾಕಲಿಲ್ಲ. ಅದು ಹೊಟ್ಟೆಯಲ್ಲಿ ಕಲ್ಲಾಗುತ್ತದೆ. ನಾಳೆ ಮಕ್ಕಳೂ ಉಣ್ಣುತ್ತವೆ.

ಬೆಳಗ್ಗೆ ಕಣದ ಒಲೆಗೆ ಬೆಂಕಿ ಹಾಕಲು ಪಾನ್‌ನ ಹೆಂಡತಿ ಬಂದಳು. ಎರ್ನಿಯ ಪಕ್ಕದ ಮನೆಯವಳು. ಬಾಯಿ ಸುಮ್ಮನಿರುವ ಹೆಂಗಸಲ್ಲ.

"ಏನು ದೊಡ್ಡವ್ವ, ಜಿಲ್ಲೆಯೋರು ಬರ್ತಾರೆ ಅಂತ ಕೊಬ್ಬು ಗಿಬ್ಬು ಹಾಕಿದೀಯಾ? ನನ್ನ ಗಂಡ ಹೋದ ಸಲದ ಕಹಿ ಊಟ ಉಂಡು ಮನೆ ಊಟಕ್ಕಿಂತ ಚೆನ್ನಾಗಿದೆ ಅಂದ. ಬಡ್ಡಿಮಗಂಗೆ ಸೌದೆಲಿ ಕೊಟ್ಟೆ."

ಸೌಟು ತಿರುವಿದಳು. ಗಂಜಿ ಲೋಳೆಲೋಳೆಯಾಗಿ ದಾರ ಎಳೆಯಿತು. ಹಬೆ ಮುಖಕ್ಕೆ ಬಡಿಯಿತು. ಪಾನ್‌ನ ಹೆಂಡತಿ ಸೌಟು ಬಿಟ್ಟಳು. ಅವಳು ಆ ಹಸಿವಿನ ವರ್ಷ ಇಬ್ಬರು ಮಕ್ಕಳನ್ನು ಹೂಳಿದ್ದಳು.

"ದೊಡ್ಡವ್ವ," ಅಂದಳು. "ಏನಿದು?"

"ಕಹಿ ಊಟ."

"ಚೆಲ್ಲಿಬಿಡು. ಇನ್ನೂ ಹೊತ್ತಿದೆ. ನಾನು ತೌಡು ತರ್ತೀನಿ."

"ಬೆಂಕಿ ಹಾಕು," ಅಂದಳು ಎರ್ನಿ.

ಹೊತ್ತು ನೆತ್ತಿಗೆ ಬಂದಾಗ ಕಣ ತುಂಬಿತು. ಕಂಬಕ್ಕೆ ಧ್ವನಿವರ್ಧಕ ಕಟ್ಟಿದ್ದರು. ಜಿಲ್ಲೆಯ ಮೂವರು ಉಣ್ಣೆ ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಊರಿನವರು ಸಾಲಾಗಿ ಬಂದು ಬಟ್ಟಲು ಒಡ್ಡಿದರು. ಎರ್ನಿ ಬಡಿಸಿದಳು.

ಮೊದಲ ಗುಟುಕು ಇಳಿಯಿತು.

ಶಾಲೆಯ ಮಕ್ಕಳು ಥೂ ಅಂದವು. ಮೂವತ್ತು ದಾಟಿದವರು ಯಾರೂ ಥೂ ಅನ್ನಲಿಲ್ಲ. ಅವರು ಬಟ್ಟಲು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ನೆಲ ನೋಡಿದರು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಬಟ್ಟಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಯಾರಾದರೂ ಕಿತ್ತುಕೊಂಡಾರೆಂಬಂತೆ ಬೆನ್ನು ತಿರುಗಿಸಿ ಗಟಗಟ ಕುಡಿದ. ನಾಲಿಗೆ ಹಾಕಿ ಬಟ್ಟಲು ನೆಕ್ಕಿದ. ಕೈ ತಾನಾಗಿ ಮಾಡಿದ ಕೆಲಸ ಅದು. ಪಾನ್‌ನ ಹೆಂಡತಿ ಕೂತಲ್ಲೇ ಮುಂದಕ್ಕೂ ಹಿಂದಕ್ಕೂ ತೂಗತೊಡಗಿದಳು. ಅವಳಿಂದ ಶುರುವಾಯಿತು. ಯಾರೂ ಸನ್ನೆ ಮಾಡಿರಲಿಲ್ಲ. ಯಾರೂ ಇನ್ನೂ ಮೇಜು ಹತ್ತಿರಲಿಲ್ಲ. ಇಡೀ ಕಣ ಬಾಯಿ ಮುಚ್ಚಿಕೊಂಡು ಅಳುತ್ತಿತ್ತು.

"ಎಂಥ ವರ್ಗಪ್ರಜ್ಞೆ!" ಅಂದ ಜಿಲ್ಲೆಯ ಒಬ್ಬ. ಮೆಚ್ಚಿಕೊಂಡು ಅಂದ. ಕನ್ನಡಕ ತೆಗೆದು ಒರೆಸಿಕೊಂಡ.

ಗೆಂಗ್ ಹಿಗ್ಗಿಹೋದ. ತಾನೂ ಒಂದು ಬಟ್ಟಲು ಎತ್ತಿ ಜಿಲ್ಲೆಯವರ ಎದುರಿಗೆ ದೊಡ್ಡ ಗುಟುಕು ಎಳೆದ. ಮುಖ ಕಿವುಚಿ ನುಂಗಿದ. ಎರ್ನಿಯ ಹತ್ತಿರ ಬಂದು ಬೆನ್ನು ತಟ್ಟಿದ.

"ಭೇಷ್ ಅಜ್ಜಿ! ಈ ಸಲ ಎಂಥದೋ ಹೊಸದಾಗಿ ಮಾಡಿದೀಯ. ಏನು ಹಾಕ್ದೆ ಇದಕ್ಕೆ?"

ಎರ್ನಿ ಅವನ ಮುಖ ನೋಡಿದಳು. ಅವನು ಹಾಸ್ಯ ಮಾಡುತ್ತಿರಲಿಲ್ಲ. ಬೆದರಿಸುತ್ತಲೂ ಇರಲಿಲ್ಲ. ಅವನಿಗೆ ಗೊತ್ತಿರಲಿಲ್ಲ. ಊರಿಗೆ ಊರೇ ಒಂದು ಗುಟುಕಿಗೆ ಗುರುತು ಹಿಡಿದ ಆ ರುಚಿ ಇವನ ನಾಲಿಗೆಗೆ ಹೊಸದು. ಆ ವಸಂತ ಪೂರ್ತಿ, ಮನೆಗೊಂದು ಹೆಣ ಎದ್ದ ಆ ವಸಂತದಲ್ಲಿ, ಇವನು ಒಂದು ದಿನವೂ ಇದನ್ನು ಉಂಡಿರಲಿಲ್ಲ.

ಮೇಜು ಹತ್ತಿಸಿದರು. ಝಾವೊದಿ ಮುಂದಿನ ಸಾಲಿನಲ್ಲಿ ಕೂತಿದ್ದಳು, ಹೊಸ ರಿಬ್ಬನ್ ಕಟ್ಟಿಕೊಂಡು. ಎರ್ನಿ ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಆಗುತ್ತಿರಲಿಲ್ಲ.

"ನನ್ನ ಮಗ ಶುವಾನ್‌ಝು ಹಸ್ಕೊಂಡು ಸತ್ತ," ಅಂದಳು. ಧ್ವನಿವರ್ಧಕ ಅದನ್ನು ಹೊಲದಾಚೆಗೆ ಎಸೆಯಿತು. ಗೆಂಗ್ ತಲೆಯಾಡಿಸಿದ.

"ಕ್ಯು ಜಮೀನ್ದಾರ ಕೊಂದ ಅಂತ ಹೇಳ್ಬೇಕಂತೆ ನಾನು. ಆ ಸೂಳೆಮಗ ಗುಂಡು ತಿಂದು ಒಂಬತ್ತು ವರ್ಷ ಆಗಿತ್ತು. ಸಮಾಧಿಯಿಂದ ಎದ್ದು ಬಂದು ಹೊಡೆದ್ನಾ?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

"ಇದು ಅರುವತ್ತನೇ ಇಸವಿ ಊಟ. ಉಂಡವರಿಗೆ ಗೊತ್ತು. ಕೋಟು ಹಾಕ್ಕೊಂಡಿರೋ ಸ್ವಾಮಿಗಳಿಗೆ ಗೊತ್ತಿಲ್ಲ. ಗೆಂಗ್, ನಿನಗೂ ಗೊತ್ತಿಲ್ಲ. ಏನು ಹಾಕ್ದೆ ಅಂತ ಕೇಳ್ತೀಯಾ? ಇಡೀ ಊರು ಉಂಡಿದ್ದನ್ನ ನೀನೊಬ್ಬ ಉಣ್ಲಿಲ್ಲ. ನನ್ನ ಮಗನ ಪಾಲಿಗೆ ಸೌಟು ನಿಲ್ಸಿ ನೀನೇನು ಉಂಡೆ, ಹೇಳು. ಮೂರು ತೆನೆಗೆ..."

ಧ್ವನಿವರ್ಧಕ ಸತ್ತಿತು. ಯಾರೋ ತಂತಿ ಕಿತ್ತಿದ್ದರು. ಅವಳು ಕೂಗುತ್ತಲೇ ಇದ್ದಳು, ಕೇಳುತ್ತಿರಲಿಲ್ಲ. ಗೆಂಗ್ ಮುಷ್ಟಿ ಎತ್ತಿ ಅವಳ ವಿರುದ್ಧ ಘೋಷಣೆ ಹಾಕಿದ. ಮುಂದಿನ ಸಾಲೂ ಮುಷ್ಟಿ ಎತ್ತಿತು. ಆಮೇಲೆ ಹಿಂದಿನ ಸಾಲು. ಬಟ್ಟಲು ನೆಕ್ಕಿದ ಮುದುಕನ ಕೈಯೂ ಎದ್ದಿತು. ಪಾನ್‌ನ ಹೆಂಡತಿಯ ಕೈಯೂ ಎದ್ದಿತು. ಅವಳ ಗಲ್ಲ ಇನ್ನೂ ಒದ್ದೆಯಾಗಿತ್ತು.

ಎತ್ತಿನ ಕೊಟ್ಟಿಗೆಯಲ್ಲಿ ಕೂಡಿಹಾಕಿದರು. ಊರಿನ ಪಟ್ಟಿಯಲ್ಲಿ ಬಡ ರೈತ ವರ್ಗ ಅಂತ ಇದ್ದ ಅವಳ ಹೆಸರಿನ ಮುಂದೆ ಕ್ರಾಂತಿದ್ರೋಹಿ ಅಂತ ಬರೆದರು. ಎರಡನೇ ದಿನ ಮಧ್ಯಾಹ್ನ ಝಾವೊದಿ ಬಂದಳು. ರಿಬ್ಬನ್ ಇರಲಿಲ್ಲ. ಕೈಯಲ್ಲಿ ಕಾಗದ ಇತ್ತು. ಬಾಗಿಲಲ್ಲೇ ನಿಂತಳು.

"ನಾಲಿಗೆ ಕಡೀತಿತ್ತಾ ಅಜ್ಜಿ ನಿನಗೆ?"

ಎರ್ನಿ ಪಕ್ಕದ ಹುಲ್ಲು ಸರಿಸಿ ಜಾಗ ಮಾಡಿದಳು.

"ಸತ್ತವನು ನೆನಪಾದ. ನಾನು ಬದುಕಿದ್ದೆನಲ್ಲ, ನಿನ್ನ ಕಣ್ಣ ಮುಂದೇನೇ ಕೂತಿದ್ದೆನಲ್ಲ. ಒಂದು ಗಳಿಗೆ ನನ್ನ ಲೆಕ್ಕಕ್ಕೆ ಇಟ್ಕೊಂಡ್ಯಾ?"

"ಇಲ್ಲ," ಅಂದಳು ಎರ್ನಿ. "ಆ ಗಳಿಗೆ ಇಟ್ಕೊಳ್ಳಲಿಲ್ಲ."

ಹುಡುಗಿ ಕುಸಿದು ಹುಲ್ಲಿನ ಮೇಲೆ ಕೂತಳು. ಮೂಗು ಒರೆಸಿಕೊಂಡಳು. ನಾಳೆ ಸಭೆಯಲ್ಲಿ ಅವಳು ಅಜ್ಜಿಯ ವಿರುದ್ಧ ಮಾತಾಡಬೇಕಂತೆ. ಸಂಬಂಧ ಕಡಿದುಕೊಂಡೆ ಅಂತ ಹೇಳಬೇಕಂತೆ. ಚೆನ್ನಾಗಿ ಹೇಳಿದರೆ ಗಿರಣಿಯ ವಿಷಯ ನೋಡೋಣ ಅಂದಿದ್ದ ಗೆಂಗ್. ಕಾಗದ ನೋಡಿ ಓದಕೂಡದು, ಎದೆಯಿಂದ ಬರಬೇಕು ಅಂದಿದ್ದ.

"ಏನು ಬರ್ದಿದೀಯ, ಓದು."

ಓದಿದಳು. ನಾಲ್ಕು ಸಾಲು. ನಮ್ಮ ಅಜ್ಜಿ ತಪ್ಪು ಮಾಡಿದಾರೆ, ನನಗೆ ಬೇಜಾರಾಗಿದೆ ಅಂತ.

"ಇದಕ್ಕೆ ನಾಯಿನೂ ಅಳಲ್ಲ," ಅಂದಳು ಎರ್ನಿ. "ಪೆನ್ಸಿಲ್ ತೆಗಿ. ಮಾಡಿದಾರೆ ಅಲ್ಲ, ಮಾಡಿದಾಳೆ. ಅವಳು ಅನ್ನು. ಮುದುಕಿ ಅನ್ನು. ತೋಳಿನ ಗುರುತೆಲ್ಲ ಸುಳ್ಳು ಅಂತ ಬರಿ. ಜಮೀನ್ದಾರನ ಅಡುಗೆಮನೆಲಿ ತಿಂದು ಕೊಬ್ಬಿದವಳು, ಗುರುತು ತಾನೇ ಸುಟ್ಕೊಂಡಳು ಅಂತ ಬರಿ."

"ಅಜ್ಜಿ..."

"ಬರಿ. ಇಪ್ಪತ್ತು ಸಲ ಮೇಜು ಹತ್ತಿದವಳು ನಾನು. ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ಗಂಟಲು ಕಟ್ಬೇಕು ನನಗೆ ಗೊತ್ತು. ಈಗ ನಿಮ್ಮಪ್ಪಂದು. ಅವನು ಊರಿನ ಗೋಧಿ ಕದ್ದ. ಕಳ್ಳ. ದಳದ ನಾಯಕರು ನ್ಯಾಯವಾಗೇ ಹೊಡೆದ್ರು. ಕಳ್ಳನಿಗೆ ಹುಟ್ಟಿದ ನಾಚಿಕೆನ ದುಡಿದು ತೊಳ್ಕೊತೀನಿ ಅನ್ನು."

ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. "ಅದನ್ನ ಬರಿಯಲ್ಲ."

"ಬರಿಯೇ ಮುಂಡೆ!" ಎರ್ನಿ ಅವಳ ಊದಿದ ಬೆರಳು ಹಿಡಿದು ಪೆನ್ಸಿಲ್ ತುರುಕಿದಳು. "ಗೆಂಗ್‌ಗೆ ಬೇಕಾಗಿರೋದು ಅದೊಂದೇ ಮಾತು. ಮಿಕ್ಕಿದ್ದೆಲ್ಲ ಸೊಪ್ಪು."

ಹುಡುಗಿ ಬರೆದಳು. ಕೊಟ್ಟಿಗೆಯಲ್ಲಿ ಕೂತು ಸಂಜೆಯವರೆಗೆ ಬಾಯಿಪಾಠ ಮಾಡಿದಳು. ಎರ್ನಿ ತಿದ್ದಿದಳು. ಎತ್ತು ಮೆಲುಕು ಹಾಕುತ್ತಿತ್ತು.

ಗಿರಣಿಯ ಫಾರಂ ಆಗಲೇ ಜಿಲ್ಲೆಯ ಕಚೇರಿ ಸೇರಿತ್ತು. ಅದರ ಮೇಲೆ ಗೆಂಗನ ತಂಗಿಯ ಮಗಳ ಹೆಸರಿತ್ತು. ಅದರ ಸುದ್ದಿ ಈ ಇಬ್ಬರಿಗೆ ಮುಟ್ಟಿದ್ದು ಹತ್ತು ದಿನದ ಮೇಲೆ.

ಮಾರನೇ ದಿನ ಅದೇ ಕಣ, ಅದೇ ಮೇಜು. ಎರ್ನಿಯನ್ನು ಮೇಜಿನ ಮೇಲೆ ಮಂಡಿಯೂರಿಸಿ ತಲೆ ಬಗ್ಗಿಸಿದ್ದರು. ಕೊರಳಿಗೆ ಹಲಗೆ ನೇತುಹಾಕಿದ್ದರು. ತೆಳ್ಳನೆ ತಂತಿ ಕತ್ತಿನ ಚರ್ಮ ಕೊಯ್ಯುತ್ತಿತ್ತು. ಝಾವೊದಿ ಮೇಜಿನ ಮೇಲೇ ಅವಳ ಪಕ್ಕ ನಿಂತು ಮಾತಾಡಿದಳು. ಮುದುಕಿ ಅಂದಳು. ತೋಳಿನ ಗುರುತು ಸುಳ್ಳು ಅಂದಳು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದಳು. ಜನ ಘೋಷಣೆ ಕೂಗಿದರು. ಚೆನ್ನಾಗಿ ನಡೆಯುತ್ತಿತ್ತು.

"ನಮ್ಮಪ್ಪ..." ಅಂದಳು ಝಾವೊದಿ.

ಅಲ್ಲಿಗೆ ನಿಂತಳು. ಮತ್ತೆ "ನಮ್ಮಪ್ಪ..." ಅಂದಳು. ಗೆಂಗ್ ಬೆಂಚಿನಿಂದ ಮುಂದೆ ಬಾಗಿದ. ಹುಡುಗಿಯ ಕಾಲು ಹಿಂದಕ್ಕೆ ಸರಿಯುವುದು ಎರ್ನಿಗೆ ಕಾಣುತ್ತಿತ್ತು. ಬಗ್ಗಿಸಿದ ತಲೆಗೆ ಅಷ್ಟೇ ಕಾಣುತ್ತಿತ್ತು.

ಎರ್ನಿ ಹಲಗೆಯ ಮರೆಯಲ್ಲಿ ತುಟಿ ಆಡಿಸಿದಳು.

"ಕಳ್ಳ," ಅಂದಳು, ಹುಡುಗಿಗೆ ಮಾತ್ರ ಕೇಳುವ ಹಾಗೆ. "ನಮ್ಮಪ್ಪ ಕಳ್ಳ. ಹೇಳು ಮಗಾ."

ಹುಡುಗಿ ಹೇಳಿದಳು.